ಗುಬ್ಬಿಯ ಉಪದೇಶಿ ವಿಲಿಯಂ ಆರ್ಥರ್ ಅವರ ಚರಿತ್ರೆ

ಗುಬ್ಬಿ ಎಂದೊಡನೆ ನಮ್ಮ ಸೀಮೆಯವರ ಮನಸ್ಸಿಗೆ ಚನ್ನಬಸವೇಶ್ವರಸ್ವಾಮಿಯ ರಥೋತ್ಸವವೂ, ತೆಂಗು ಅಡಕೆಗಳ ಪೇಟೆಯೂ, ವೀರಣ್ಣನವರಿಂದ ಪ್ರಖ್ಯಾತವಾದ ನಾಟಕ ಮಂಡಳಿಯೂ ಬರುವುದು ಸಹಜ. ಆ ಮಂಡಳಿಯು 1884ನೆಯ ಇಸವಿಯಲ್ಲಿ ಹುಟ್ಟಿತು. ಅದಕ್ಕೆ ನಾಲ್ವತ್ತೈದು ವರ್ಷಗಳ ಹಿಂದೆ, 1839ರಲ್ಲಿ, ಇಪ್ಪತ್ತು ವರ್ಷ ವಯಸ್ಸಿನ ಐರ್ಲೆಂಡಿನ ತರುಣರೊಬ್ಬರು ಇದೇ ಗುಬ್ಬಿಯಲ್ಲಿ ಕ್ರಿಸ್ತನ ಸುವಾರ್ತೆಯನ್ನು ಸಾರುವುದಕ್ಕೋಸ್ಕರ ಹಡಗನ್ನೇರಿದರು. ಅವರು ಇಲ್ಲಿದ್ದದ್ದು ಎರಡು ವರ್ಷಗಳಿಗಿಂತ ಕಡಮೆ. ಆದರೂ ಮುಂದೆ ಅವರು ಬರೆದ ಪುಸ್ತಕದಿಂದ ನಮ್ಮ ಗುಬ್ಬಿಯ ಹೆಸರು ಇಂಗ್ಲೆಂಡಿನ ಅನೇಕ ಮನೆಗಳನ್ನು ಹೊಕ್ಕಿತು. ಅವರೇ ವಿಲಿಯಂ ಆರ್ಥರ್.

ಮಕ್ಕಳನ್ನು ನಮ್ಮ ಶಾಲೆಗೆ ಸೇರಿಸಲು ಬರುವ ತಂದೆತಾಯಿಗಳಲ್ಲಿ ಕೆಲವರು, ಸತ್ಯವೇದದ ಪಾಠದಲ್ಲಿ ನೀವು ಕಲಿಸುವುದೇನು, ನಿಮ್ಮ ಮತದ ಮುಖ್ಯವಾದ ನಂಬಿಕೆಗಳಾವುವು ಎಂದು ನಮ್ಮನ್ನು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಪ್ರಶ್ನೋತ್ತರಮಾಲೆಯ ರೀತಿಯಲ್ಲಿ ಉತ್ತರ ಬರೆಯಬಹುದಾಗಿತ್ತು. ಆದರೆ ನಂಬಿಕೆಯೆಂಬುದು ಒಬ್ಬರ ಬಾಳಿನಲ್ಲಿ ಕೂಡಿ ನಡೆದಾಗ ಕಾಣುವಷ್ಟು ಸ್ಪಷ್ಟವಾಗಿ ಪಟ್ಟಿಯಲ್ಲಿ ಕಾಣದೆಂಬುದು ನಮ್ಮ ಅನುಭವ. ಆದುದರಿಂದ ಈ ಸಂಚಿಕೆಗಾಗಿ ನಮ್ಮ ನೆರೆಯ ಊರಿನಲ್ಲಿಯೇ ದುಡಿದ ಈ ಮಹನೀಯರ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ.

ಆರ್ಥರ್ ಅವರು 1819ನೆಯ ಇಸವಿ ಫೆಬ್ರವರಿ 3ನೆಯ ತಾರೀಖು ಐರ್ಲೆಂಡಿನ ಉತ್ತರ ಭಾಗದಲ್ಲಿರುವ ಅಂಟ್ರಿಮ್ ಪ್ರಾಂತದಲ್ಲಿ ಜನಿಸಿದರು. ಬಾಲ್ಯವನ್ನು ಪಶ್ಚಿಮ ತೀರದ ಮೇಯೋ ಪ್ರಾಂತದಲ್ಲಿ ಕಳೆದರು. ಅವರ ಮನೆತನದವರು ಇಂಗ್ಲೆಂಡಿನ ರಾಜಸಭೆಯ ಆರಾಧನಾಕ್ರಮಕ್ಕೆ ಸೇರಿದವರಾಗಿದ್ದರೂ ಬಾಲಕನ ಮನಸ್ಸು ವೆಸ್ಲಿಯನ್ ಮೆಥೊಡಿಸ್ಟರ ಕಡೆಗೆ ತಿರುಗಿತು. ಜಾನ್ ವೆಸ್ಲಿಯವರು ಹದಿನೆಂಟನೆಯ ಶತಮಾನದಲ್ಲಿ ಕುದುರೆಯ ಮೇಲೆ ಊರೂರು ತಿರುಗಿ, ಗಣಿಯ ಕೂಲಿಗಳಿಗೂ ನೇಕಾರರಿಗೂ ಬಯಲಿನಲ್ಲಿಯೇ ಬೋಧಿಸಿ ಎಬ್ಬಿಸಿದ ಪಂಗಡವದು. ದೇವರ ಕೃಪೆಯು ಕೆಲವರಿಗೆ ಮಾತ್ರವಲ್ಲ, ಸಕಲರಿಗೂ ಉಂಟೆಂಬುದೂ, ಪಾಪಕ್ಷಮೆಯನ್ನು ಹೊಂದಿದವನು ಅದನ್ನು ತನ್ನ ಅಂತರಂಗದಲ್ಲಿ ನಿಶ್ಚಯವಾಗಿ ತಿಳಿಯಬಹುದೆಂಬುದೂ, ಕ್ಷಮೆ ದೊರೆತ ಮೇಲೆ ನಡತೆಯೂ ಪರಿಶುದ್ಧವಾಗುತ್ತ ಹೋಗಬೇಕೆಂಬುದೂ ಆ ಪಂಗಡದವರ ವಿಶೇಷವಾದ ಬೋಧೆ. ಆರ್ಥರ್ ಅವರು ಹದಿನಾರನೆಯ ವಯಸ್ಸಿನಲ್ಲಿಯೇ ಉಪದೇಶ ಮಾಡಲಾರಂಭಿಸಿದರೆಂದು ಹೇಳಿದರೆ ನಮ್ಮ ಹತ್ತನೆಯ ತರಗತಿಯ ಹುಡುಗಿಯರು ನಕ್ಕಾರು; ಆದರೆ ಅದು ನಿಜ. 1837ರಿಂದ 1839ರವರೆಗೆ ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿದ್ದ ದೈವಶಾಸ್ತ್ರ ಪಾಠಶಾಲೆಯಲ್ಲಿ ಓದಿ, 1839ನೆಯ ಏಪ್ರಿಲ್ 15ರಂದು ಇಂಡಿಯಾ ದೇಶಕ್ಕೆ ಹೊರಟರು.

ಸೂಯೆಜ್ ಕಾಲುವೆ ಇನ್ನೂ ಇಲ್ಲದ ಕಾಲ. ಅದು ತೆರೆದದ್ದು 1869ರಲ್ಲಿ. ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಆದುದರಿಂದ ಬೆಂಗಳೂರಿನಿಂದಾಚೆಗೆ ಕುದುರೆ, ಎತ್ತಿನ ಗಾಡಿ, ಪಲ್ಲಕ್ಕಿಗಳೇ ಗತಿ. ಮೈಸೂರು ಸೀಮೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈಯಿಂದ ಆಡಳಿತವು 1831ರಲ್ಲಿ ಇಂಗ್ಲಿಷ್ ಕಮಿಷನರುಗಳಿಗೆ ಹೋಗಿತ್ತು. ಬಿಳಿಯ ಉಪದೇಶಿಯು ಸಂತೆಯಲ್ಲಿ ನಿಂತು ಮಾತಾಡುವಾಗ ಕೇಳುವವರ ಮನಸ್ಸಿನಲ್ಲಿ ಆ ಅಧಿಕಾರದ ನೆರಳೂ ಇದ್ದೇ ಇದ್ದಿರಬೇಕು. ಇದನ್ನು ಮರೆಮಾಚುವುದು ಸರಿಯಲ್ಲ.

ಗುಬ್ಬಿಯಲ್ಲಿ ಅವರ ಮುಂದಿದ್ದ ಮೊದಲನೆಯ ಬೆಟ್ಟವೆಂದರೆ ಕನ್ನಡ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಬಹು ವರ್ಷಗಳ ಶ್ರಮದಿಂದ ಸತ್ಯವೇದವು ಅಷ್ಟರಲ್ಲಿ ಕನ್ನಡಕ್ಕೆ ಬಂದಿತ್ತು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ಕೋಶವು 1832ರಲ್ಲಿ ಅಚ್ಚಾಗಿತ್ತು. ಇದೇ ಗುಬ್ಬಿಯ ಸೀಮೆಯಲ್ಲಿ ದುಡಿದ ಥಾಮಸ್ ಹಾಡ್ಸನ್ ಅವರ ಕನ್ನಡ ವ್ಯಾಕರಣವಾದರೋ 1859ರ ವರೆಗೂ ಹೊರಬರಲಿಲ್ಲ. ಕೋಶವನ್ನು ಕೈಯಲ್ಲಿ ಹಿಡಿದರೆ ಶಬ್ದ ಸಿಕ್ಕೀತು. ಶಬ್ದದ ಹಿಂದಿರುವ ಅರ್ಥವು ಅಷ್ಟು ಸುಲಭವಾಗಿ ಸಿಕ್ಕದು. ಕ್ರೈಸ್ತ ಮತದ ಮೂಲ ನಂಬಿಕೆಗಳನ್ನು ತಿಳಿಯಬೇಕೆನ್ನುವವರು ಈ ಕಷ್ಟವನ್ನು ಸ್ವಲ್ಪ ವಿಚಾರಿಸಿ ನೋಡಬೇಕು.

ಉಪದೇಶಿಯು ದೇವರು ಒಬ್ಬನೇ ಎಂದರೆ ಗುಬ್ಬಿಯ ವೀರಶೈವ ವರ್ತಕನು ತಲೆದೂಗಿ, ಅದು ತನಗೂ ಒಪ್ಪಿಗೆಯೇ ಎನ್ನುವನು. ಆ ಒಬ್ಬ ದೇವರು ಲೋಕವನ್ನು ಸೃಷ್ಟಿಸಿದ ತಂದೆ, ತಪ್ಪಿಹೋದ ಮಗನನ್ನು ದಾರಿ ಕಾಯುತ್ತ ನಿಂತಿರುವ ತಂದೆ ಎಂದು ಹೇಳುವಾಗ ಮಾತು ಮುಂದೆ ಸಾಗುವುದು. ಪಾಪ ಎಂಬ ಶಬ್ದ ಇಬ್ಬರಿಗೂ ಒಂದೇ. ಆದರೆ ಅದನ್ನು ಕೇಳುವವನಿಗೆ ಹಿಂದಿನ ಜನ್ಮದ ಲೆಕ್ಕವೂ ಮೈಲಿಗೆಯೂ ಮನಸ್ಸಿಗೆ ಬಂದಾವು. ಹೇಳುವವನ ಅಭಿಪ್ರಾಯವೋ, ಮಗುವು ತಂದೆಗೆ ಬೆನ್ನು ತಿರುಗಿಸುವುದೇ ಪಾಪವೆಂದು. ಅವತಾರ ಎಂದರೆ ಇಲ್ಲಿಯವರಿಗೆ ಅನೇಕ ಅವತಾರಗಳು. ಯೇಸು ಕ್ರಿಸ್ತನಲ್ಲಿ ದೇವರು ಒಂದೇ ಸಲ, ಒಂದು ಬಡವರ ಮನೆಯಲ್ಲಿ, ಮನುಷ್ಯನಾಗಿ ಹುಟ್ಟಿ, ದುಷ್ಟರನ್ನು ಸಂಹರಿಸದೆ ತಾನೇ ಶಿಲುಬೆಯ ಮೇಲೆ ಪ್ರಾಣ ಕೊಟ್ಟು, ಮೂರನೆಯ ದಿನ ಎದ್ದನೆಂಬುದು ಕ್ರೈಸ್ತರ ನಂಬಿಕೆ. ಹೊಸದಾಗಿ ಹುಟ್ಟಬೇಕೆಂದು ಹೇಳಿದರಂತೂ ಪುನರ್ಜನ್ಮವೆಂದೇ ತಿಳಿಯುವರು. ಈ ಜನ್ಮದಲ್ಲಿಯೇ, ಈ ದೇಹದಲ್ಲಿಯೇ, ಪವಿತ್ರಾತ್ಮನ ಮೂಲಕ ಮನಸ್ಸು ಬೇರೆಯಾಗುವುದೆಂದು ಬಿಡಿಸಿ ಹೇಳಬೇಕು. ಕೃಪೆ ಎಂಬ ಮಾತನ್ನು ವಿವರಿಸುವುದು ಎಲ್ಲಕ್ಕಿಂತ ಕಷ್ಟ. ಪುಣ್ಯವನ್ನು ಗಳಿಸಬಹುದು, ಕೂಡಿಡಬಹುದು. ಕೃಪೆಯನ್ನಾದರೋ ಗಳಿಸಲಾಗದು, ಕೊಟ್ಟಾಗ ಕೈಚಾಚಿ ತೆಗೆದುಕೊಳ್ಳುವುದಷ್ಟೇ. ಹಾಗೆ ಕೈಚಾಚುವುದನ್ನೇ ನಂಬಿಕೆ ಎನ್ನುವರು. ತೆಗೆದುಕೊಂಡವನು ನೆರೆಯವರನ್ನು ತನ್ನಂತೆಯೇ ಪ್ರೀತಿಸುವುದು ಅದಕ್ಕೆ ಕೊಡುವ ಬೆಲೆಯಲ್ಲ, ಅದರಿಂದ ಹುಟ್ಟುವ ಕೃತಜ್ಞತೆ. ಸತ್ಯವೇದದ ಪಾಠದಲ್ಲಿ ನಾವು ಇಂದಿಗೂ ಕಲಿಸುವುದು ಇಷ್ಟೇ. ಇದರಲ್ಲಿ ಗುಟ್ಟೇನೂ ಇಲ್ಲ. ಒಪ್ಪುವುದೂ ಬಿಡುವುದೂ ಕೇಳುವವರಿಗೆ ಸೇರಿದ್ದು.

ಆರ್ಥರ್ ಅವರಲ್ಲಿ ಕೊರತೆಯಿರಲಿಲ್ಲವೆಂದು ನಾವು ಹೇಳುವುದಿಲ್ಲ. 1847ರಲ್ಲಿ ಅವರು ಮೈಸೂರು ಸೀಮೆಯ ಮಿಷನ್ ಕೆಲಸವನ್ನೂ ಇಂಡಿಯಾ ದೇಶದ ಜನರನ್ನೂ ಮತವನ್ನೂ ಕುರಿತು ಪ್ರಕಟಿಸಿದ ಪುಸ್ತಕವನ್ನು ಓದುವಾಗ ಹಲವು ಕಡೆ ನಮ್ಮ ಮನಸ್ಸು ನೋಯುತ್ತದೆ. ನಮ್ಮ ನೆರೆಹೊರೆಯವರ ಪೂಜೆ ಪುರಸ್ಕಾರಗಳ ವಿಷಯದಲ್ಲಿ ಅವರ ತೀರ್ಪು ಕಠಿಣ. ಎರಡು ವರ್ಷ ತುಂಬುವುದರೊಳಗೆ ಹೊರಟುಹೋದ ಇಪ್ಪತ್ತೆರಡು ವರ್ಷದ ತರುಣನಿಗೆ ಇಲ್ಲಿಯ ಭಕ್ತರ ಅಂತರಂಗ ಎಷ್ಟು ಗೊತ್ತಾಗಿದ್ದೀತು? ಬಸವಣ್ಣನವರ ಮತ್ತು ಇತರ ಶರಣರ ವಚನಗಳು ಆಗ ಬಹುಮಟ್ಟಿಗೆ ಮಠಗಳ ಮತ್ತು ಮನೆಗಳ ತಾಳೆಯೋಲೆಗಳಲ್ಲಿದ್ದವು. ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸಿದ್ದು 1923ರಲ್ಲಿ. ದಯೆಯನ್ನು ಧರ್ಮದ ಬೇರೆಂದು ತಿಳಿದಿದ್ದ ಜನರ ನಡುವೆ ತಾನು ಕೃಪೆಯ ವಿಷಯವನ್ನು ಹೇಳುತ್ತಿದ್ದೇನೆಂಬುದು ಆ ತರುಣನಿಗೆ ತಿಳಿದಿದ್ದರೆ ಅವರ ಪುಸ್ತಕದ ಕೆಲವು ಪುಟಗಳು ಬೇರೆ ರೀತಿಯಾಗಿರುತ್ತಿದ್ದವೋ ಏನೋ. ಈ ನಾಡಿನಲ್ಲಿ ಹುಟ್ಟಿ, ಎಲ್ಲ ಮತಗಳ ಹುಡುಗಿಯರೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತು ಓದಿ, ಈಗ ಎಲ್ಲ ಮತಗಳ ಹುಡುಗಿಯರಿಗೂ ಕಲಿಸುತ್ತಿರುವ ನಾವು ಇದನ್ನು ಹೇಳದಿದ್ದರೆ ಅವರ ಚರಿತ್ರೆಯನ್ನು ಪೂರ್ತಿಯಾಗಿ ಹೇಳಿದಂತಾಗದು.

ಹೀಗೆ ಭಾಷೆ ಕೈಗೆ ಹತ್ತುತ್ತಿದ್ದ ಕಾಲದಲ್ಲಿಯೇ ಅವರ ಆರೋಗ್ಯ ಕೆಟ್ಟಿತು. ಕಣ್ಣುಗಳಿಗೆ ಬೇನೆ ಹಿಡಿಯಿತು. ಹೊಸ ಲಿಪಿಯನ್ನು ಕಲಿಯುತ್ತಿರುವವರಿಗೆ ಇದಕ್ಕಿಂತ ಹೆಚ್ಚಿನ ಕಷ್ಟ ಯಾವುದು? 1841ರಲ್ಲಿ ಅವರು ಇಂಗ್ಲೆಂಡಿಗೆ ಹಿಂತಿರುಗಬೇಕಾಯಿತು. ಬಾಳೆಲ್ಲ ಇಂಡಿಯಾ ದೇಶಕ್ಕೆಂದು ಹೊರಟುಬಂದವರು ತಮ್ಮ ಕೆಲಸವನ್ನು ಉತ್ತ ಹೊಲದಂತೆ, ಬಿತ್ತುವ ಮೊದಲೇ ಬಿಟ್ಟುಹೋದರು. ಲೋಕದ ಲೆಕ್ಕದಲ್ಲಿ ಇದು ಸೋಲು.

ಇಲ್ಲಿ ನಮ್ಮದೊಂದು ಮಾತು. ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಕರೆದಾಗ ಕೆಲವರು ಬರಲು ಸಂಕೋಚಪಡುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು, ನಡುವಿನಲ್ಲಿಯೇ ಮದುವೆಯಾಗಿ ಓದನ್ನು ಬಿಟ್ಟವರು, ಮನೆಯ ತೊಂದರೆಯಿಂದ ಕೆಲಸಕ್ಕೆ ಸೇರಿದವರು. ತಮ್ಮ ಹೆಸರು ಶಾಲೆಗೆ ಕೀರ್ತಿ ತಂದವರ ಪಟ್ಟಿಯಲ್ಲಿಲ್ಲವೆಂದು ಅವರು ತಿಳಿದಿದ್ದಾರೆ. ಗಳಿಕೆಯಿಂದಲೇ ಮನುಷ್ಯರ ಬೆಲೆ ಎಂಬ ಈ ಭಾವನೆ ಕ್ರೈಸ್ತರಾದ ನಮ್ಮಲ್ಲಿಯೂ ಬೇರೂರಿದೆ. ಕೃಪೆಯನ್ನು ಬಾಯಿಂದ ಬೋಧಿಸುತ್ತ ಅಂಕಗಳಿಂದ ಅಳೆಯುವ ದೋಷವು ಉಪಾಧ್ಯಾಯಿನಿಯರಾದ ನಮಗೂ ತಪ್ಪಿದ್ದಲ್ಲ. ಆರ್ಥರ್ ಅವರ ಚರಿತ್ರೆಯನ್ನು ಓದುವಾಗ ನಮಗೆ ನೆನಪಾದವರು ಈ ವಿದ್ಯಾರ್ಥಿನಿಯರೇ.

ಇಂಗ್ಲೆಂಡಿಗೆ ಮರಳಿದ ಆರ್ಥರ್ ಅವರು ಆ ಬೇನೆಯೊಂದಿಗೇ ಇನ್ನೂ ಅರುವತ್ತು ವರ್ಷ ಬಾಳಿದರು. 1842ರಲ್ಲಿ ಲಂಡನ್ನಿನ ವೆಸ್ಲಿ ದೇವಾಲಯದಲ್ಲಿ ಕೆಲಸ ಮಾಡಿದರು. ಕೆಲವು ಕಾಲ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿಯೂ ಪ್ಯಾರಿಸಿನಲ್ಲಿಯೂ ಇದ್ದು, 1848ರಲ್ಲಿ ಅಲ್ಲಿ ದೊರೆತನ ಉರುಳಿದ ಕ್ರಾಂತಿಯ ಕಾಲವನ್ನು ಕಂಡರು. 1851ರಿಂದ 1868ರವರೆಗೆ ವೆಸ್ಲಿಯನ್ ಮಿಷನ್ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದರು. ಗುಬ್ಬಿಯ ಬಿಸಿಲನ್ನು ಕಂಡಿದ್ದವರು ಈಗ ಲೋಕದ ನಾನಾ ಕಡೆಗಳಲ್ಲಿ ಅದೇ ಬಿಸಿಲಿನಲ್ಲಿ ದುಡಿಯುತ್ತಿದ್ದವರ ಕಾಗದಗಳಿಗೆ ಉತ್ತರ ಬರೆಯಬೇಕಾಯಿತು. ಆ ಕಾಲದಲ್ಲಿಯೇ, 1858ರಲ್ಲಿ, ಹೊರದೇಶಗಳ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಆ ಸಂಘದಲ್ಲಿ ಮಹಿಳೆಯರ ಸಮಿತಿಯೊಂದು ಏರ್ಪಟ್ಟು, ಉಪಾಧ್ಯಾಯಿನಿಯರನ್ನು ಕಳುಹಿಸಲಾರಂಭಿಸಿತು. ಮಿಷನ್ ಕನ್ಯಾಶಾಲೆಗಳಲ್ಲಿ ಓದಿದ ನಮ್ಮಂಥವರು ಈ ವರ್ಷವನ್ನು ಮರೆಯಲಾಗದು.

ಅವರ ಬರವಣಿಗೆಗಳಲ್ಲಿ ಎರಡು ಬಹಳ ಹೆಸರಾದವು. 1852ರಲ್ಲಿ ಬ್ರಿಸ್ಟಲ್ ಬಳಿಯ ಸ್ಯಾಮ್ಯುಯೆಲ್ ಬಜೆಟ್ ಎಂಬ ವರ್ತಕರ ಚರಿತ್ರೆಯನ್ನು ಬರೆದು, ಅಂಗಡಿಯ ತಕ್ಕಡಿಯಲ್ಲಿಯೂ ಭಕ್ತಿಗೆ ಸ್ಥಳವುಂಟೆಂದು ತೋರಿಸಿದರು. 1856ರಲ್ಲಿ ಬೆಂಕಿಯ ನಾಲಗೆ ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವೇ ಅದಕ್ಕೆ ಆಧಾರ. ಕ್ರಿಸ್ತನು ಪರಲೋಕಕ್ಕೇರಿದ ಮೇಲೆ ಶಿಷ್ಯರು, ಅವರೊಡನೆ ತಾಯಿಯಾದ ಮರಿಯಳೂ ಇತರ ಹೆಂಗಸರೂ, ಯೆರೂಸಲೇಮಿನ ಒಂದು ಮನೆಯಲ್ಲಿ ಪ್ರಾರ್ಥಿಸುತ್ತ ಕಾದಿದ್ದರು. ಅವರಿಗೆ ಹಣವಿರಲಿಲ್ಲ, ಅಧಿಕಾರವಿರಲಿಲ್ಲ, ವಿದ್ಯೆಯೂ ಸ್ವಲ್ಪವೇ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಅವರ ಮೇಲೆ ಇಳಿದು ಬಂದಾಗ, ಹಲವು ದೇಶಗಳಿಂದ ಬಂದು ನೆರೆದಿದ್ದವರು ಅವರ ಬೋಧೆಯನ್ನು ತಮ್ಮ ತಮ್ಮ ಹುಟ್ಟುಭಾಷೆಯಲ್ಲಿಯೇ ಕೇಳಿದರೆಂದು ಬರೆದಿದೆ. ಕ್ರೈಸ್ತ ಮತದ ನಿಜವಾದ ಬಲವು ಸಂಪತ್ತಿನಲ್ಲಿಯೂ ವಾಕ್ಚಾತುರ್ಯದಲ್ಲಿಯೂ ಇಲ್ಲ, ಈ ಆತ್ಮನಲ್ಲಿಯೇ ಇದೆ ಎಂಬುದು ಆ ಗ್ರಂಥದ ಸಾರ. ಪರಭಾಷೆಯ ಒಂದೊಂದು ಶಬ್ದಕ್ಕೂ ಗುಬ್ಬಿಯಲ್ಲಿ ತಿಣುಕಿದ್ದವರು ಈ ಅಧ್ಯಾಯವನ್ನು ಆರಿಸಿಕೊಂಡದ್ದು ಕಾಕತಾಳೀಯವೆಂದು ನಮಗೆ ತೋರುವುದಿಲ್ಲ. ಇದು ನಮ್ಮ ಊಹೆ ಮಾತ್ರ. ಆ ಪುಸ್ತಕವು ಬಹು ಮುದ್ರಣಗಳನ್ನು ಕಂಡಿತು.

ಇತ್ತ ಗುಬ್ಬಿಯ ಕೆಲಸವು ಅವರೊಂದಿಗೆ ನಿಲ್ಲಲಿಲ್ಲ. ಹಾಡ್ಸನ್ ಅವರು 1877ರಲ್ಲಿ ಪ್ರಕಟಿಸಿದ ಪುಸ್ತಕವು ಮಿಷನರಿಯ ಚರಿತ್ರೆಯಲ್ಲ. ಗುಬ್ಬಿ ಸೀಮೆಯಲ್ಲಿ ಕ್ರೈಸ್ತರಾದ ದಾನಿಯೇಲನೆಂಬ ಮುದುಕರ ಚರಿತ್ರೆ. ಹಳ್ಳಿಯ ಸಾಮಾನ್ಯರೊಬ್ಬರ ಬಾಳು ಇಂಗ್ಲಿಷಿನಲ್ಲಿ ಗ್ರಂಥವಾಗುವುದು ಆ ಕಾಲಕ್ಕೆ ಅಪೂರ್ವವೇ. ಈ ಸೀಮೆಯ ವೆಸ್ಲಿಯನ್ ಸಭೆಗಳು 1947ನೆಯ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯಲ್ಲಿ ಒಂದಾದವು.

1866ರಲ್ಲಿ ಆರ್ಥರ್ ಅವರು ಇಂಗ್ಲೆಂಡಿನ ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷರಾದರು; ಅವರ ಪಂಗಡದಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ. 1868ರಲ್ಲಿ ತಮ್ಮ ಹುಟ್ಟುನಾಡಿನ ಬೆಲ್‌ಫಾಸ್ಟ್ ನಗರದಲ್ಲಿ ಮೆಥೊಡಿಸ್ಟ್ ಕಾಲೇಜು ತೆರೆದಾಗ ಅದರ ಮೊದಲನೆಯ ಪ್ರಿನ್ಸಿಪಾಲರಾಗಿ ಮೂರು ವರ್ಷ ನಡೆಸಿದರು. ಗಂಡುಹುಡುಗರಿಗೆಂದು ಆರಂಭವಾದ ಆ ವಿದ್ಯಾಸಂಸ್ಥೆಯಲ್ಲಿ ಸ್ವಲ್ಪ ಕಾಲದಲ್ಲಿಯೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು ಗಂಡುಹುಡುಗರಿಗೆ ಸಮನಾಗಿ ಓದಿಸಲು ತೀರ್ಮಾನವಾಯಿತು. ಮನೆಯಲ್ಲಿ ಆರು ಮಂದಿ ಹೆಣ್ಣುಮಕ್ಕಳ ತಂದೆಯಾಗಿದ್ದವರಿಗೆ ಈ ತೀರ್ಮಾನ ಹಿತವಾಗಿಯೇ ಇದ್ದಿರಬೇಕು.

1888ರಲ್ಲಿ ಕೆಲಸದಿಂದ ವಿಶ್ರಾಂತಿ ಪಡೆದು, 1901ನೆಯ ಮಾರ್ಚ್ 9ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ಫ್ರಾನ್ಸಿನ ದಕ್ಷಿಣ ಕರಾವಳಿಯ ಕಾನ್ ಪಟ್ಟಣದಲ್ಲಿ ದೈವಾಧೀನರಾದರು.