ಸತ್ಯಜಿಜ್ಞಾಸು ಸಾಕ್ರಟೀಸ್

ಪ್ರಾಚೀನ ಗ್ರೀಸ್ ದೇಶದ ತತ್ತ್ವಚಿಂತನೆಯ ಇತಿಹಾಸವನ್ನು ಬರೆಯುವವರು ಅದನ್ನು ಸಾಕ್ರಟೀಸನಿಗೆ ಹಿಂದಿನದು, ಸಾಕ್ರಟೀಸನಿಂದ ಮುಂದಿನದು ಎಂದು ವಿಭಾಗಿಸುವುದು ರೂಢಿ. ಒಂದು ತತ್ತ್ವಗ್ರಂಥವನ್ನೂ ಬರೆದಿಡದ ಪುರುಷನೊಬ್ಬನು ಒಂದು ಶಾಸ್ತ್ರದ ಕಾಲವಿಭಾಗಕ್ಕೇ ಮೇರೆಗಲ್ಲಾಗಿ ನಿಂತಿರುವುದು ವಿಸ್ಮಯಕರವಾದ ಸಂಗತಿ. ಆತನ ವಿಷಯವಾಗಿ ತಿಳಿದುಬರುವುದು ಮುಖ್ಯವಾಗಿ ಪ್ಲೇಟೋ, ಕ್ಸೆನೋಫನ್ ಎಂಬ ಶಿಷ್ಯರಿಬ್ಬರ ಬರಹಗಳಿಂದ; ಅಲ್ಲದೆ, ಪರಿಹಾಸಕ್ಕಾಗಿ ಆತನನ್ನು ರಂಗದ ಮೇಲೆ ತಂದ ನಾಟಕಕಾರ ಅರಿಸ್ಟೋಫನೀಸನಿಂದ.

ಆ ತತ್ತ್ವಚಿಂತನೆಯು ಮೊದಲು ಮೊಳೆತದ್ದು ಅಥೆನ್ಸ್ ನಗರದಲ್ಲಲ್ಲ. ಏಷ್ಯಾ ಮೈನರಿನ ಕಡಲತೀರದಲ್ಲಿದ್ದ ಮಿಲೇಟಸ್ ಎಂಬ ವ್ಯಾಪಾರಪಟ್ಟಣದಲ್ಲಿ. ಕ್ರಿ. ಪೂ. 6ನೆಯ ಶತಮಾನದಲ್ಲಿ ಅಲ್ಲಿದ್ದ ಥೇಲೀಸನು ಸಮಸ್ತ ಜಗತ್ತಿಗೂ ಜಲವೇ ಮೂಲವೆಂದನು. ಆತನ ನಂತರದ ಅನಾಕ್ಸಿಮ್ಯಾಂಡರನು ಆ ಮೂಲವು ಸೀಮಾರಹಿತವಾದ, ಇಂಥದೆಂದು ಹೇಳಲಾಗದ ವಸ್ತುವೆಂದನು, ಅನಾಕ್ಸಿಮಿನೀಸನು ವಾಯುವೆಂದನು. ಈ ಉತ್ತರಗಳು ನಿಂತವೋ ಬಿದ್ದವೋ ಎಂಬುದು ಇಲ್ಲಿ ಮುಖ್ಯವಲ್ಲ. ಗುಡುಗು ಮಿಂಚುಗಳನ್ನು ದೇವತೆಗಳ ಕೋಪತಾಪವೆಂದು ಕಥೆ ಹೇಳುವುದನ್ನು ಬಿಟ್ಟು, ಕಾರಣವನ್ನು ಪ್ರಕೃತಿಯಲ್ಲಿಯೇ ಅರಸಲು ಹೊರಟದ್ದೂ, ಹಿಂದಿನವನ ಮತವನ್ನು ಮುಂದಿನವನು ಸಂಕೋಚವಿಲ್ಲದೆ ತಿದ್ದಿದ್ದೂ ದೊಡ್ಡ ಮಾತು. ಬಳಿಕ ಎಫೆಸಸಿನ ಹೆರಾಕ್ಲಿಟಸನು ಎಲ್ಲವೂ ಪರಿವರ್ತನಶೀಲವೆಂದು ಸಾರಿದರೆ, ಇಲಿಯಾದ ಪಾರ್ಮೆನಿಡೀಸನು ಪರಿವರ್ತನೆಯೆಂಬುದೇ ಭ್ರಾಂತಿಯೆಂದು ಸಾಧಿಸಿದನು. ಈ ವಿದ್ಯೆಯನ್ನು ಅಥೆನ್ಸಿಗೆ ತಂದವರಲ್ಲಿ ಅನಾಕ್ಸಗೊರಸನು ಪ್ರಮುಖ. ಸೂರ್ಯನು ದೇವತೆಯಲ್ಲ, ಕಾದು ಕೆಂಪಾದ ಕಲ್ಲುಗುಂಡು ಎಂದದ್ದಕ್ಕೆ ಆತನು ದೈವನಿಂದೆಯ ಆರೋಪಕ್ಕೆ ಗುರಿಯಾಗಿ ಊರು ಬಿಡಬೇಕಾಯಿತು. ಮುಂದೆ ಸಾಕ್ರಟೀಸನಿಗೆ ಒದಗಿದ ವಿಪತ್ತಿನ ಮುನ್ಸೂಚನೆ ಇಲ್ಲಿಯೇ ಇದೆ.

ಸಾಕ್ರಟೀಸನು ಜನಿಸಿದ್ದು ಕ್ರಿ. ಪೂ. 470ರ ಸುಮಾರಿಗೆ. ತಂದೆ ಸೊಫ್ರೊನಿಸ್ಕಸನು ಕಲ್ಲುಕುಟಿಗನೆಂದು ಪ್ರತೀತಿ. ತಾಯಿ ಫೈನರೀಟಿ ಸೂಲಗಿತ್ತಿ. ಈ ಮಾತೃವೃತ್ತಿಯನ್ನೇ ತಾನು ಬೇರೊಂದು ಬಗೆಯಲ್ಲಿ ನಡೆಸುತ್ತಿರುವುದಾಗಿ ಆತನು ವಿನೋದದಿಂದ ಹೇಳಿಕೊಳ್ಳುತ್ತಿದ್ದನೆಂದು ಪ್ಲೇಟೋ ಬರೆದಿದ್ದಾನೆ. ಸೂಲಗಿತ್ತಿಯು ಕೂಸನ್ನು ಹೆರುವವಳಲ್ಲ, ಹೆರಿಸುವವಳು. ಹಾಗೆಯೇ ಆತನು ಜ್ಞಾನವನ್ನು ಶಿಷ್ಯನ ಕಿವಿಯಲ್ಲಿ ತುಂಬಿದವನಲ್ಲ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಅವನಿಂದಲೇ ಹೊರತರಿಸಿದವನು. ಉಪಾಧ್ಯಾಯ ವೃತ್ತಿಗೆ ಇದಕ್ಕಿಂತ ಒಪ್ಪುವ ಉಪಮಾನವು ದುರ್ಲಭ.

ರೂಪದಲ್ಲಿ ಆತನು ಕುರೂಪಿ: ಚಪ್ಪಟೆ ಮೂಗು, ಹೊರಚಾಚಿದ ಕಣ್ಣುಗಳು. ಬರಿಗಾಲಿನ ನಡಿಗೆ, ಬೇಸಗೆಗೂ ಚಳಿಗಾಲಕ್ಕೂ ಒಂದೇ ಹೊದಿಕೆ. ಪತ್ನಿ ಕ್ಸಾಂತಿಪೆ ಮತ್ತು ಮೂವರು ಗಂಡುಮಕ್ಕಳ ಸಂಸಾರ. ಕ್ಸಾಂತಿಪೆಯನ್ನು ಜಗಳಗಂಟಿಯೆಂದು ಹಳಿಯುವ ಕಥೆಗಳು ಬಹಳ. ಮನೆಗೆ ಒಂದು ಕಾಸನ್ನೂ ತಾರದೆ ಹಗಲೆಲ್ಲ ಸಂತೆಯಲ್ಲಿ ಚರ್ಚಿಸುತ್ತಿದ್ದ ಪತಿಯೊಡನೆ ಆಕೆ ಹೇಗೆ ಬಾಳಿದಳೆಂಬುದನ್ನು ಕಥೆಗಾರರು ಯೋಚಿಸಿದಂತಿಲ್ಲ. ಪೊಟಿಡಿಯಾ, ಡೀಲಿಯಂ, ಆಂಫಿಪೊಲಿಸ್ ಈ ಮೂರು ರಣರಂಗಗಳಲ್ಲಿ ಆತನು ಪದಾತಿಯಾಗಿ ಸೇವೆ ಸಲ್ಲಿಸಿದನು. ಪೊಟಿಡಿಯಾದಲ್ಲಿ ಗಾಯಗೊಂಡು ಬಿದ್ದಿದ್ದ ತರುಣ ಆಲ್ಸಿಬಿಯಾಡೀಸನನ್ನು ಕಾಪಾಡಿದವನು ಆತನೇ.

ಆಗ ಅಥೆನ್ಸಿನಲ್ಲಿ ಸೋಫಿಸ್ಟರೆಂಬ ಸಂಚಾರಿ ಪಂಡಿತರು ಹೇರಳವಾಗಿ ಹಣ ಪಡೆದು ಧನಿಕರ ಮಕ್ಕಳಿಗೆ ವಾಕ್ಚಾತುರ್ಯವನ್ನು ಕಲಿಸುತ್ತಿದ್ದರು. ಸಾಕ್ರಟೀಸನು ಹಣ ಪಡೆಯಲಿಲ್ಲ, ಕಲಿಸುತ್ತೇನೆಂದೂ ಹೇಳಿಕೊಳ್ಳಲಿಲ್ಲ. ಡೆಲ್ಫಿಯ ದೇವವಾಣಿಯು ಸಾಕ್ರಟೀಸನಿಗಿಂತ ಜ್ಞಾನಿಯು ಯಾರೂ ಇಲ್ಲವೆಂದು ನುಡಿಯಿತಂತೆ. ಆತನು ಹಿಗ್ಗುವ ಬದಲು ಸಂದೇಹಪಟ್ಟನು. ಆ ಮಾತನ್ನು ಪರೀಕ್ಷಿಸಲೆಂದು ರಾಜಕಾರಣಿಗಳು, ಕವಿಗಳು, ಕುಶಲಕರ್ಮಿಗಳು ಇವರ ಬಳಿಗೆ ಹೋಗಿ ಪ್ರಶ್ನಿಸಿದನು. ಅವರೆಲ್ಲರೂ ತಿಳಿಯದುದನ್ನು ತಿಳಿದಿದ್ದೇವೆಂದು ನಂಬಿದ್ದರು. ತನಗಾದರೋ ತನ್ನ ಅಜ್ಞಾನದ ಅರಿವಾದರೂ ಇದೆಯೆಂಬಷ್ಟೇ ಭೇದವನ್ನು ಆತನು ಕಂಡನು. ಧೈರ್ಯವೆಂದರೇನು, ನ್ಯಾಯವೆಂದರೇನು, ಭಕ್ತಿಯೆಂದರೇನು ಎಂದು ಹತ್ತು ಜನರ ಎದುರಿಗೆ ಕೇಳಿಸಿಕೊಂಡು ತಡವರಿಸಿದ ದೊಡ್ಡ ಮನುಷ್ಯರು ಅದನ್ನು ಮರೆಯಲಿಲ್ಲ.

ಕ್ರಿ. ಪೂ. 406ರಲ್ಲಿ ಅರ್ಗಿನೂಸಿಯ ನೌಕಾಯುದ್ಧವು ಜಯಪ್ರದವಾದರೂ, ಬಿರುಗಾಳಿಯ ಕಾರಣ ಮುಳುಗುತ್ತಿದ್ದ ನಾವಿಕರನ್ನು ರಕ್ಷಿಸಲಾಗಲಿಲ್ಲ. ಕ್ರುದ್ಧರಾದ ಪೌರರು ಸೇನಾನಿಗಳೆಲ್ಲರನ್ನೂ ಪ್ರತ್ಯೇಕ ವಿಚಾರಣೆಯಿಲ್ಲದೆ ಒಂದೇ ಮತದಾನದಿಂದ ದಂಡಿಸಲು ಹೊರಟರು. ಅದು ಶಾಸನವಿರುದ್ಧ. ಅಂದು ಸಭೆಯ ಅಧಿಕಾರಿವರ್ಗದಲ್ಲಿದ್ದ ಸಾಕ್ರಟೀಸನು ಜನರ ಗರ್ಜನೆಗೆ ಬಗ್ಗದೆ ಸಮ್ಮತಿಯನ್ನು ನಿರಾಕರಿಸಿದನು. ಆದರೂ ಆರು ಮಂದಿ ಸೇನಾನಿಗಳು ಹತರಾದರು. ಎರಡು ವರ್ಷಗಳ ತರುವಾಯ ಸ್ಪಾರ್ಟಾ ನಗರವು ಅಥೆನ್ಸನ್ನು ಗೆದ್ದು ಮೂವತ್ತು ಮಂದಿ ನಿರಂಕುಶರ ಕೈಗೆ ಒಪ್ಪಿಸಿತು. ಸಾಲಮಿಸಿನ ಲಿಯೋನ್ ಎಂಬ ನಿರಪರಾಧಿಯನ್ನು ವಧೆಗಾಗಿ ಹಿಡಿದುತರಲು ಅವರು ಸಾಕ್ರಟೀಸನಿಗೂ ಇತರ ನಾಲ್ವರಿಗೂ ಅಪ್ಪಣೆ ಮಾಡಿದರು. ನಾಲ್ವರು ಹೋದರು, ಸಾಕ್ರಟೀಸನು ನೆಟ್ಟಗೆ ಮನೆಗೆ ಹೋದನು. ಜನಸಮೂಹದ ಅಧಿಕಾರಕ್ಕೂ ಕೆಲವರ ಅಧಿಕಾರಕ್ಕೂ ಒಂದೇ ಬಗೆಯಾಗಿ ಮಣಿಯದ ಈ ಎರಡು ಪ್ರಸಂಗಗಳನ್ನು ಜೊತೆಯಲ್ಲಿಟ್ಟು ನೋಡಿದಾಗಲೇ ಆತನ ಸ್ವಭಾವವು ಸ್ಪಷ್ಟವಾಗುವುದು.

ಆದರೆ ಆ ಮೂವತ್ತು ಮಂದಿಯ ಅಗ್ರಣಿಯಾದ ಕ್ರಿಟಿಯಸನು ಹಿಂದೆ ಆತನ ಸಂಗದಲ್ಲಿದ್ದವನು. ಶತ್ರುಗಳೊಡನೆ ಕೂಡಿ ಅಥೆನ್ಸಿಗೆ ದ್ರೋಹ ಬಗೆದ ಆಲ್ಸಿಬಿಯಾಡೀಸನೂ ಅಂಥವನೇ. ಶಿಷ್ಯನ ಪಾಪಕ್ಕೆ ಗುರುವು ಎಷ್ಟರಮಟ್ಟಿಗೆ ಹೊಣೆ? ಕ್ಸೆನೋಫನನು ಗುರುವಿನ ಪರವಾಗಿ ಈ ಪ್ರಶ್ನೆಗೆ ದೀರ್ಘವಾಗಿ ಸಮಾಧಾನ ಹೇಳಿದ್ದಾನೆ. ಅಷ್ಟು ದೀರ್ಘವಾಗಿ ಹೇಳಬೇಕಾಯಿತೆಂಬುದೇ ಆಕ್ಷೇಪದ ಬಲವನ್ನು ತೋರಿಸುತ್ತದೆ. ಸಂಗದಲ್ಲಿರುವ ತನಕ ಅವರನ್ನು ಹತೋಟಿಯಲ್ಲಿರಿಸಿದ ಗುರುವಿಗೆ, ಅವರು ದೂರ ಸರಿದ ಮೇಲೆ ಹಾಗೆ ಮಾಡಲಾಗಲಿಲ್ಲ.

ಕ್ರಿ. ಪೂ. 399ರಲ್ಲಿ ಮೆಲೀಟಸ್, ಅನೈಟಸ್, ಲೈಕೋನ್ ಎಂಬವರು ದೂರು ಹೂಡಿದರು. ನಗರದ ದೇವತೆಗಳನ್ನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬುದು ಆರೋಪ. ಸುಮಾರು 500 ಮಂದಿ ಪೌರರ ನ್ಯಾಯಸಭೆಯು ಒಂದೇ ದಿನದಲ್ಲಿ ವಿಚಾರಣೆಯನ್ನು ಮುಗಿಸಿತು. ಎಪ್ಪತ್ತರ ಮುದುಕನು ಕಣ್ಣೀರಿಡಲಿಲ್ಲ, ಮಕ್ಕಳನ್ನು ಕರೆತಂದು ಕರುಣೆ ಬೇಡಲಿಲ್ಲ. ಕೇವಲ 30 ಮತಗಳು ಆಚೆಗೆ ಬಿದ್ದಿದ್ದರೆ ಬಿಡುಗಡೆಯಾಗುತ್ತಿತ್ತು. ತಪ್ಪಿತಸ್ಥನೆಂದಾದ ಮೇಲೆ ತನಗೆ ತಕ್ಕ ದಂಡನೆಯನ್ನು ತಾನೇ ಸೂಚಿಸುವ ಅವಕಾಶವಿತ್ತು. ನಗರದ ವೆಚ್ಚದಲ್ಲಿ ಸನ್ಮಾನಭೋಜನವೇ ತನಗೆ ತಕ್ಕದ್ದೆಂದು ಹೇಳಿ, ಕಡೆಗೆ ಮಿತ್ರರ ಹೊಣೆಯಲ್ಲಿ 30 ಮೈನಾ ದಂಡವನ್ನು ಸೂಚಿಸಿದನು. ಅದರಲ್ಲಿ ಹಟದ ಅಂಶವೂ ಇತ್ತೆನ್ನದೆ ವಿಧಿಯಿಲ್ಲ. ಸಭೆಯು ಮರಣದಂಡನೆಯನ್ನು ವಿಧಿಸಿತು.

ಡೀಲೋಸ್ ದ್ವೀಪಕ್ಕೆ ಹೋದ ಪವಿತ್ರ ನೌಕೆಯು ಮರಳುವವರೆಗೆ ನಗರದಲ್ಲಿ ವಧೆ ನಿಷಿದ್ಧವಾದ್ದರಿಂದ ಆತನು ಒಂದು ತಿಂಗಳು ಸೆರೆಯಲ್ಲಿದ್ದನು. ಬಾಲ್ಯಸ್ನೇಹಿತ ಕ್ರೀಟೋ ಪಲಾಯನಕ್ಕೆ ಸಕಲ ಸಿದ್ಧತೆ ಮಾಡಿ ಬಂದನು. ಯಾವ ನಗರದ ಶಾಸನಗಳ ಆಶ್ರಯದಲ್ಲಿ ಎಪ್ಪತ್ತು ವರ್ಷ ಬಾಳಿದನೋ ಅವನ್ನು ತನಗೆ ಅನನುಕೂಲವಾದ ದಿನ ಮುರಿಯುವುದು ಅನ್ಯಾಯವೆಂದು ಸಾಕ್ರಟೀಸನು ಒಪ್ಪಲಿಲ್ಲ. ಕೊನೆಯ ದಿನವನ್ನು ಆತ್ಮದ ಅಮರತ್ವವನ್ನು ಚರ್ಚಿಸುತ್ತ ಕಳೆದು, ಸಂಜೆ ಹೆಮ್ಲಾಕ್ ವಿಷದ ಬಟ್ಟಲನ್ನು ಸಮಾಧಾನದಿಂದ ಕುಡಿದನು. ಅಸ್ವಸ್ಥನಾಗಿದ್ದ ಪ್ಲೇಟೋ ಆಗ ಬಳಿಯಲ್ಲಿರಲಿಲ್ಲ.

ಅನಂತರ ಪ್ಲೇಟೋ ಕೆಲವು ಕಾಲ ಅಥೆನ್ಸನ್ನು ಬಿಟ್ಟಿದ್ದು, ಕ್ರಿ. ಪೂ. 387ರ ಸುಮಾರಿಗೆ ಅಲ್ಲಿ ಅಕಾಡೆಮಿ ಎಂಬ ವಿದ್ಯಾಪೀಠವನ್ನು ಸ್ಥಾಪಿಸಿದನು. ಅಲ್ಲಿ ಇಪ್ಪತ್ತು ವರ್ಷ ಕಲಿತ ಅರಿಸ್ಟಾಟಲನು ಮುಂದೆ ಲೈಸಿಯಂ ಎಂಬ ತನ್ನದೇ ಶಾಲೆಯನ್ನು ತೆರೆದನು. ಕ್ರಿ. ಪೂ. 323ರಲ್ಲಿ ಆತನ ಮೇಲೂ ದೈವನಿಂದೆಯ ಆರೋಪ ಬಂದಾಗ, ಅಥೆನ್ಸ್ ನಗರವು ತತ್ತ್ವಜ್ಞಾನಕ್ಕೆ ಎರಡನೆಯ ಬಾರಿ ಅಪರಾಧವೆಸಗದಿರಲೆಂದು ಆತನು ಊರನ್ನೇ ತೊರೆದನೆಂದು ಹೇಳುತ್ತಾರೆ. ಮರುವರ್ಷ ಕಾಲ್ಕಿಸ್ ಎಂಬ ಊರಿನಲ್ಲಿ ಆತನು ತೀರಿಕೊಂಡನು.