ಗದ್ಯವನ್ನು ಪದ್ಯ ಮಾಡಿದ ಫಿರ್ದೌಸಿ

ನಾನು ಚಿಕ್ಕವಳಿದ್ದಾಗ ನಮ್ಮ ನಾನಿ ರುಸ್ತುಂ–ಸೊಹ್ರಾಬ್ ಕಥೆಯನ್ನು ಉರ್ದುವಿನಲ್ಲಿ ಹೇಳುತ್ತಿದ್ದರು. ಯಾರೆಂದು ತಿಳಿಯದೆ ಸ್ವಂತ ಮಗನನ್ನೇ ಕೊಂದ ತಂದೆಯ ಕಥೆ ಅದು. ಅದನ್ನು ಪದ್ಯದಲ್ಲಿ ಬರೆದು ಅಮರಗೊಳಿಸಿದವರು ಪಾರಸಿ ಭಾಷೆಯ ಮಹಾಕವಿ ಫಿರ್ದೌಸಿ.

ಅವರು ಸುಮಾರು 940ರಲ್ಲಿ ಇರಾನಿನ ತೂಸ್ ಪ್ರದೇಶದಲ್ಲಿ, ಜಮೀನ್ದಾರರ ಮನೆತನದಲ್ಲಿ ಹುಟ್ಟಿದರು. ಇರಾನಿನ ಹಳೆಯ ರಾಜರ ಕಥೆಗಳು ಆಗ ಗದ್ಯದಲ್ಲಿ ಸಂಗ್ರಹವಾಗಿದ್ದವು. ಫಿರ್ದೌಸಿಗಿಂತ ಮುಂಚೆ ಅವನ್ನು ಪದ್ಯಕ್ಕೆ ತರಲು ದಖೀಖಿ ಎಂಬ ಕವಿ ಹೊರಟಿದ್ದರು. ಸುಮಾರು 1,000 ದ್ವಿಪದಿ ಬರೆಯುವಷ್ಟರಲ್ಲಿ ಅವರ ಕೊಲೆಯಾಯಿತು. ಆ ಕೆಲಸವನ್ನು ಫಿರ್ದೌಸಿ ಕೈಗೆತ್ತಿಕೊಂಡರು.

ಗದ್ಯವನ್ನು ಪದ್ಯ ಮಾಡುವುದೆಂದರೆ ಕೊನೆಗೆ ಪ್ರಾಸ ಜೋಡಿಸುವುದಷ್ಟೇ ಅಲ್ಲ. ಫಿರ್ದೌಸಿಯವರ ಛಂದಸ್ಸಿನಲ್ಲಿ ಪ್ರತಿ ಸಾಲಿನ ಅಳತೆ ಒಂದೇ. ಎರಡೆರಡು ಸಾಲಿಗೆ ಒಂದು ಪ್ರಾಸ. ಕುದುರೆಯ ಓಟವೂ ತಾಯಿಯ ಅಳುವೂ ಆ ಪುಟ್ಟ ಅಳತೆಯೊಳಗೇ ಹಿಡಿಸಬೇಕು. ಹೀಗೆ ಸುಮಾರು 50,000 ದ್ವಿಪದಿ ಬರೆಯಲು ಅವರಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನಡುವೆ 37 ವರ್ಷದ ಮಗ ತೀರಿಕೊಂಡ. ಆ ದುಃಖವನ್ನೂ ಅದೇ ಛಂದಸ್ಸಿನಲ್ಲಿ ಬರೆದು ಕೆಲಸ ಮುಂದುವರಿಸಿದರು. 1010ರಲ್ಲಿ ‘ಶಾಹನಾಮಾ’ ಮುಗಿಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯ ಬೇರೆ. ದಖೀಖಿಯ ಪದ್ಯಗಳು ಫಿರ್ದೌಸಿಯವರಿಗೆ ಅಷ್ಟಾಗಿ ಮೆಚ್ಚುಗೆಯಾಗಿರಲಿಲ್ಲ. ಆದರೂ ಅವುಗಳನ್ನು ಬಿಸಾಡಲಿಲ್ಲ, ತಮ್ಮದೆಂದೂ ಹೇಳಿಕೊಳ್ಳಲಿಲ್ಲ. ದಖೀಖಿಯ ಹೆಸರು ಹೇಳಿಯೇ ತಮ್ಮ ಗ್ರಂಥದಲ್ಲಿ ಸೇರಿಸಿದರು. ಯಾರಿಂದ ಎಷ್ಟು ಬಂತೆಂದು ಬರೆದಿಡಲು ನಾವು ಅಕೌಂಟೆನ್ಸಿಯಲ್ಲಿ ಕಲಿಯುತ್ತೇವೆ. ಸಾವಿರ ವರ್ಷಗಳ ಹಿಂದೆ ಒಬ್ಬ ಕವಿ ಆ ಲೆಕ್ಕವನ್ನು ತಪ್ಪದೆ ಬರೆದಿಟ್ಟಿದ್ದಾರೆ.