ನ್ಯೂಟನ್ ಮಹಾಶಯನೂ ಬಲದ ಅಳತೆಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಲ್ಲಿ ಒಂದು ಕಿಲೋ ಬೆಲ್ಲವನ್ನು ಎರಡು ತಟ್ಟೆಯ ತಕ್ಕಡಿಯಲ್ಲಿ ತೂಗಿ, ಆ ಬೆಲ್ಲವನ್ನೂ ತಕ್ಕಡಿ ಬಟ್ಟುಗಳನ್ನೂ ಲಂಡನ್ನಿಗೆ ಕೊಂಡೊಯ್ದರೆ ತೂಕದಲ್ಲಿ ವ್ಯತ್ಯಾಸವೇ ಕಾಣದು. ಆದರೆ ಸ್ಪ್ರಿಂಗ್ ತಕ್ಕಡಿಯನ್ನು ಇಲ್ಲಿ ಸರಿಮಾಡಿಕೊಂಡು ಅಲ್ಲಿಗೆ ಒಯ್ದರೆ ಅದೇ ಬೆಲ್ಲವು ಸುಮಾರು ೩ ಗ್ರಾಂ ಹೆಚ್ಚಾಗಿ ತೋರುವುದು. ಬೆಲ್ಲವು ಬೆಳೆದಿಲ್ಲ, ಭೂಮಿಯು ಅದನ್ನು ಎಳೆಯುವ ಬಲವು ಅಲ್ಲಿ ತುಸು ಹೆಚ್ಚು. ಪದಾರ್ಥದ ಪ್ರಮಾಣವೇ ಬೇರೆ, ಅದರ ಮೇಲಣ ಬಲವೇ ಬೇರೆ ಎಂಬ ವಿವೇಕವನ್ನು ಲೋಕಕ್ಕೆ ಸ್ಪಷ್ಟಪಡಿಸಿದವನು ಐಸಾಕ್ ನ್ಯೂಟನ್. ಸೂತ್ರವನ್ನು ಬಾಯಿಪಾಠ ಮಾಡಿ ಉತ್ತೀರ್ಣರಾಗುವ ನಮ್ಮ ವಿದ್ಯಾರ್ಥಿಗಳಿಗೆ ಈತನ ಹೆಸರು ಗೊತ್ತು, ಬಾಳು ಗೊತ್ತಿಲ್ಲ. ಆದುದರಿಂದ ಅದನ್ನು ಸಂಗ್ರಹವಾಗಿ ನಿರೂಪಿಸಲು ಇಚ್ಛಿಸುತ್ತೇವೆ.

ಆ ಕಾಲದ ಇಂಗ್ಲೆಂಡಿನ ಪಂಚಾಂಗದಂತೆ ೧೬೪೨ರ ಕ್ರಿಸ್ಮಸ್ ದಿನ, ಲಿಂಕನ್‌ಷೈರಿನ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ ಈತನು ಹುಟ್ಟಿದನು. ತಂದೆಯು ಅದಕ್ಕೆ ಮೊದಲೇ ಮೃತನಾಗಿದ್ದನು. ಮೂರು ವರ್ಷದ ಕೂಸನ್ನು ಅಜ್ಜಿಗೆ ಒಪ್ಪಿಸಿ ತಾಯಿಯು ಮರುಮದುವೆಯಾದಳು. ಬೇಸಾಯಕ್ಕೆ ಹಚ್ಚಿದರೆ ಹುಡುಗನಿಗೆ ಅದು ಹತ್ತಲಿಲ್ಲ. ೧೬೬೧ರಲ್ಲಿ ಕೇಂಬ್ರಿಜ್ ಸೇರಿ, ಅನುಕೂಲಸ್ಥರ ಪರಿಚಾರಿಕೆ ಮಾಡುವ ಬಡ ವಿದ್ಯಾರ್ಥಿಗಳ ವರ್ಗದಲ್ಲಿ ಓದಿದನು. ೧೬೬೫ರಲ್ಲಿ ಪ್ಲೇಗು ತಲೆದೋರಿ ವಿದ್ಯಾಪೀಠವು ಮುಚ್ಚಲು, ಊರಿಗೆ ಮರಳಿ ಗಣಿತ, ಬೆಳಕು, ಗುರುತ್ವಗಳನ್ನು ಕುರಿತು ಒಬ್ಬನೇ ಚಿಂತಿಸಿದನು. ಸೇಬಿನ ಕಥೆಯನ್ನು ಎಲ್ಲರೂ ಬಲ್ಲರು. ಆ ಚಿಂತನೆಯು ಗ್ರಂಥವಾಗಲು ಇಪ್ಪತ್ತು ವರ್ಷಗಳೇ ಹಿಡಿದುವೆಂಬುದನ್ನು ಬಲ್ಲವರು ಕಡಮೆ.

ವಿಮರ್ಶೆಯೆಂದರೆ ಈತನಿಗೆ ಸಹಿಸದು. ೧೬೮೪ರಲ್ಲಿ ಜ್ಯೋತಿಷ್ಶಾಸ್ತ್ರಜ್ಞನಾದ ಹ್ಯಾಲಿಯು ಬಂದು ಒತ್ತಾಯಪಡಿಸದಿದ್ದರೆ ಪ್ರಿನ್ಸಿಪಿಯಾ ಗ್ರಂಥವು ಹೊರಬೀಳುತ್ತಿತ್ತೋ ಇಲ್ಲವೋ. ರಾಯಲ್ ಸೊಸೈಟಿಯು ತನ್ನ ಹಣವನ್ನು ಮೀನುಗಳ ಮೇಲಿನ ಒಂದು ಪುಸ್ತಕಕ್ಕೆ ಸುರಿದು ಬರಿಗೈಯಾಗಿದ್ದುದರಿಂದ, ೧೬೮೭ರಲ್ಲಿ ಹ್ಯಾಲಿಯು ಸ್ವಂತ ಖರ್ಚಿನಿಂದಲೇ ಅದನ್ನು ಅಚ್ಚು ಹಾಕಿಸಿದನು.

ಅದರಲ್ಲಿನ ವಿಚಾರವನ್ನು ತಿಳಿಯಲು ನಮ್ಮ ಎತ್ತಿನ ಗಾಡಿಯೇ ಸಾಕು. ಗಾಡಿ ನಡೆಯಬೇಕಾದರೆ ಎತ್ತುಗಳು ಸದಾ ಎಳೆಯುತ್ತಿರಬೇಕು. ಆದಕಾರಣ ಚಲನೆಗೆ ಬಲವು ಸದಾ ಬೇಕೆಂದು ಅರಿಸ್ಟಾಟಲನ ಅನುಯಾಯಿಗಳು ನಂಬಿದ್ದರು. ನ್ಯೂಟನ್ನನ ಮತದಲ್ಲಿ, ಸಮವೇಗದಿಂದ ಸಾಗುವ ಗಾಡಿಯಲ್ಲಿ ಎತ್ತಿನ ಎಳೆತವು ಅಚ್ಚಿನ ಮತ್ತು ನೆಲದ ತಡೆಯನ್ನು ಸರಿದೂಗಿಸುವುದಷ್ಟೆ. ಬಲವು ಬೇಕಾಗುವುದು ವೇಗಕ್ಕಲ್ಲ, ವೇಗದ ಬದಲಾವಣೆಗೆ. ಬಾಣದ ಮೊದಲ ಚಲನೆಗೆ ನೋದನವೂ ಮುಂದಿನದಕ್ಕೆ ಸಂಸ್ಕಾರವೂ ಕಾರಣವೆಂದು ನಮ್ಮ ವೈಶೇಷಿಕರು ಬಹು ಹಿಂದೆಯೇ ವಿಚಾರಿಸಿದ್ದುದು ಹೆಮ್ಮೆಯ ಸಂಗತಿಯೇ. ಆದರೆ ಅವರ ವಿಚಾರವು ಅಳತೆಗೆ ಇಳಿಯಲಿಲ್ಲವೆಂಬುದನ್ನೂ ನಾವು ಒಪ್ಪಿಕೊಳ್ಳಬೇಕು.

೧೬೯೬ರಲ್ಲಿ ಟಂಕಸಾಲೆಯ ಅಧಿಕಾರಕ್ಕೆ ಬಂದ ನ್ಯೂಟನ್ನನು ಖೋಟಾ ನಾಣ್ಯಗಾರರನ್ನು ಪಟ್ಟುಹಿಡಿದು ಶಿಕ್ಷೆಗೆ ಗುರಿಮಾಡಿದನು. ೧೭೦೩ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾದನು. ಹುಕ್ಕನೊಡನೆಯೂ ಲೈಬ್ನಿಟ್ಸನೊಡನೆಯೂ ಅವನು ಸಾಧಿಸಿದ ಹಗೆಯು ಅಂತಹ ಬುದ್ಧಿಗೆ ಶೋಭಿಸುವಂಥದಲ್ಲ. ೧೭೨೭ರಲ್ಲಿ ಕಾಲವಾದನು, ಶವವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹೂಳಿದರು.

ಬಲದ ಮಾನಕ್ಕೆ ಅವನು ತನ್ನ ಹೆಸರನ್ನಿಟ್ಟವನಲ್ಲ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು ೧೯೪೮ರಲ್ಲಿ ಅದನ್ನು ನ್ಯೂಟನ್ ಎಂದು ಕರೆಯಿತು. ಒಂದು ಕಿಲೋಗ್ರಾಂ ದ್ರವ್ಯರಾಶಿಯ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಂತೆ ಹೆಚ್ಚಿಸುವ ಬಲವೇ ಒಂದು ನ್ಯೂಟನ್. ಸೇರು ಮಣಗಳನ್ನು ಬಿಟ್ಟು ನಮ್ಮ ದೇಶವು ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಮಾನವನ್ನು ಅಂಗೀಕರಿಸಿತಾದರೂ ಅಂಗಡಿಯಲ್ಲಿ ನ್ಯೂಟನ್ನಿಗೆ ಕೆಲಸವಿಲ್ಲ. ಅಲ್ಲಿ ಕೊಳ್ಳುವುದು ಪದಾರ್ಥವನ್ನು, ಬಲವನ್ನಲ್ಲ. ಆದರೂ ೧೦೨ ಗ್ರಾಂ ಬೆಲ್ಲವನ್ನು ಅಂಗೈಯ ಮೇಲಿಟ್ಟುಕೊಂಡರೆ, ಅದು ಕೈಯನ್ನು ಕೆಳಕ್ಕೆ ಒತ್ತುವ ಬಲವು ಹೆಚ್ಚುಕಡಮೆ ಒಂದು ನ್ಯೂಟನ್.